ಫೋನಿನೊಳಗಿನ ಪಾಲುಗಾರಿಕೆ

ಕಾಲರ್ ಟ್ಯೂನ್‌ಗಳ ಕಾಲ ನೆನಪಿರಬಹುದು. ಯಾರಿಗಾದರೂ ಕರೆ ಮಾಡಿದರೆ ರಿಂಗಿನ ಬದಲು ಸಿನಿಮಾ ಹಾಡು ಕೇಳಿಸುತ್ತಿತ್ತು. ಹಾಡು ಕೇಳುವವರು ಕರೆ ಮಾಡಿದವರು, ಅದಕ್ಕೆ ದುಡ್ಡು ತೆರುವವರು ಕರೆ ಸ್ವೀಕರಿಸುವವರು. ತಿಂಗಳಿಗೆ 30 ರೂಪಾಯಿ ಆಸುಪಾಸು. ಅದರಲ್ಲಿ ಸಿಮ್ ಕಂಪನಿಗೆ, ಹಾಡಿನ ಹಕ್ಕು ಪಡೆದ ಆಡಿಯೊ ಕಂಪನಿಗೆ, ಇಡೀ ವ್ಯವಸ್ಥೆಯನ್ನು ನಡೆಸುವ ತಂತ್ರಾಂಶ ಕೊಟ್ಟವರಿಗೆ, ಹೀಗೆ ಮೂವರಿಗೂ ಪಾಲಿತ್ತು. ಇಂಥ ತಂತ್ರಾಂಶದಲ್ಲಿ ದೊಡ್ಡ ಹೆಸರು ಮಾಡಿದ ಆನ್‌ಮೊಬೈಲ್ ನಮ್ಮ ಬೆಂಗಳೂರಿನದು. ಇನ್ಫೋಸಿಸ್ ಮಡಿಲಲ್ಲಿ ಹುಟ್ಟಿ, ಹೊರಬಂದು, 2008ರಲ್ಲಿ ಷೇರುಪೇಟೆ ಸೇರಿದ ಕಂಪನಿ.

ಮೂವರಲ್ಲಿ ಸಿಂಹಪಾಲು ಸಿಮ್ ಕಂಪನಿಯದು. ಹಾಡು ಅದರದಲ್ಲ, ತಂತ್ರಾಂಶವೂ ಅದರದಲ್ಲ. ಆದರೆ ಗ್ರಾಹಕರ ದುಡ್ಡು ಬ್ಯಾಲೆನ್ಸ್ ರೂಪದಲ್ಲಿ ಮೊದಲೇ ಅದರ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಆಗ ಯುಪಿಐ ಇರಲಿಲ್ಲ, ಬಹುತೇಕರ ಬಳಿ ಕ್ರೆಡಿಟ್ ಕಾರ್ಡೂ ಇರಲಿಲ್ಲ. ಲಕ್ಷಾಂತರ ಜನರಿಂದ ಐದು ಹತ್ತು ರೂಪಾಯಿ ವಸೂಲು ಮಾಡಲು ಬೇರೆ ದಾರಿಯೇ ಇಲ್ಲದಿದ್ದಾಗ, ವಸೂಲು ಮಾಡಿಕೊಡುವವನು ಹೇಳಿದ್ದೇ ದರ. ಕೇಳದೆಯೇ ಜ್ಯೋತಿಷ್ಯದ ಸಂದೇಶ, ಕ್ರಿಕೆಟ್ ಸ್ಕೋರು ಶುರುವಾಗಿ ಬ್ಯಾಲೆನ್ಸ್ ಕರಗುತ್ತಿದ್ದುದೂ ಈ ಬಲದಿಂದಲೇ. ಯಾವುದೇ ಸೇವೆ ಶುರುಮಾಡುವ ಮುನ್ನ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರಲ್ಲಿ ಕಟ್ಟಪ್ಪಣೆ ಮಾಡಿದ ಮೇಲೆ ಆ ಹಾವಳಿಗೆ ಲಗಾಮು ಬಿತ್ತು.

ಹೀಗೇ ಆಗಬೇಕೆಂದೇನೂ ಇರಲಿಲ್ಲ. ಜಪಾನಿನ ಎನ್‌ಟಿಟಿ ಡೊಕೊಮೊ 1999ರ ಫೆಬ್ರುವರಿಯಲ್ಲಿ ‘ಐ-ಮೋಡ್’ ಎಂಬ ಮೊಬೈಲ್ ಅಂತರ್ಜಾಲ ಸೇವೆ ತೆರೆದಾಗ, ಅದರಲ್ಲಿ ಮಾಹಿತಿ, ಆಟ, ಚಿತ್ರ ಮಾರುವವರ ಪರವಾಗಿ ತಾನೇ ಬಿಲ್ ವಸೂಲು ಮಾಡಿಕೊಟ್ಟು ಶೇ 9ರಷ್ಟನ್ನು ಮಾತ್ರ ಇಟ್ಟುಕೊಂಡಿತು. ಉಳಿದ ಶೇ 91 ಸರಕು ತಯಾರಿಸಿದವರಿಗೆ. ತನ್ನ ಲಾಭವನ್ನು ಅದು ಡೇಟಾ ಬಳಕೆಯಲ್ಲಿ ಕಂಡುಕೊಂಡಿತು. ಸಣ್ಣ ಪಾಲಿಗೆ ತೃಪ್ತಿಪಟ್ಟದ್ದರಿಂದಲೇ ಅಲ್ಲಿ ದೊಡ್ಡ ಮಾರುಕಟ್ಟೆ ಬೆಳೆಯಿತು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಹಾಡು, ಜ್ಯೋತಿಷ್ಯ, ಕ್ರಿಕೆಟ್ ದಾಟಿ ಹೆಚ್ಚೇನೂ ಬೆಳೆಯದೇ ಹೋದದ್ದಕ್ಕೆ ಪಾಲಿನ ಲೆಕ್ಕವೂ ಒಂದು ಕಾರಣ.

ಈ ಎರಡೂ ಕಡೆ ಯಜಮಾನ ಸಿಮ್ ಕಂಪನಿಯೇ. ಆ ಯಜಮಾನಿಕೆಯನ್ನು ಮೊದಲು ಅಲುಗಾಡಿಸಿದ್ದು ಆ್ಯಪಲ್.

2007ರ ಜೂನ್ 29ರಂದು ಅಮೆರಿಕದಲ್ಲಿ ಐಫೋನ್ ಮಾರಾಟ ಆರಂಭವಾಯಿತು. ಎಟಿ&ಟಿ ಬಿಟ್ಟು ಬೇರೆ ಯಾವ ಕಂಪನಿಯ ಸಿಮ್ಮೂ ಅದರಲ್ಲಿ ನಡೆಯುತ್ತಿರಲಿಲ್ಲ. ಈ ಏಕಸ್ವಾಮ್ಯಕ್ಕೆ ಪ್ರತಿಯಾಗಿ ಎಟಿ&ಟಿ ಒಪ್ಪಿಕೊಂಡ ಮಾತು ಆ ಉದ್ಯಮದಲ್ಲಿ ಅಲ್ಲಿಯವರೆಗೆ ಕೇಳಿರದಂಥದ್ದು. ಗ್ರಾಹಕರು ಪ್ರತಿ ತಿಂಗಳು ಕಟ್ಟುವ ಬಿಲ್ಲಿನಲ್ಲಿ ಒಂದು ಭಾಗ ಫೋನ್ ಮಾಡಿದವರಿಗೆ! ಎಷ್ಟು ಭಾಗ ಎಂಬ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ಬ್ರಿಟನ್ನಿನ ಒ2, ಜರ್ಮನಿಯ ಟಿ-ಮೊಬೈಲ್ ಕೂಡ ಇಂಥದೇ ಒಪ್ಪಂದಕ್ಕೆ ತಲೆಬಾಗಿದವು.

ಆಮೇಲೆ ನಡೆದದ್ದು ಸ್ವಾರಸ್ಯಕರ. ಜನ ಐಫೋನ್ ಕೊಂಡು, ಅದರ ಬೀಗ ಮುರಿದು, ತಮಗೆ ಬೇಕಾದ ಸಿಮ್ ಹಾಕಿಕೊಳ್ಳತೊಡಗಿದರು. ಹಾಗೆ ಬೀಗ ಮುರಿದ ಫೋನಿನಿಂದ ಆ್ಯಪಲ್‌ಗೆ ಮಾಸಿಕ ಪಾಲು ಬರುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಮಾರಾಟವಾಗಿದ್ದ 14 ಲಕ್ಷ ಫೋನುಗಳಲ್ಲಿ ಸುಮಾರು ಎರಡೂವರೆ ಲಕ್ಷ ಹೀಗೆ ಬೀಗ ಮುರಿಯಲೆಂದೇ ಕೊಂಡವು ಎಂದು ಕಂಪನಿಯೇ ಅಂದಾಜು ಮಾಡಿತು. ಒಬ್ಬರಿಗೆ ಎರಡೇ ಫೋನ್, ಅದೂ ನಗದು ಕೊಟ್ಟರೆ ಇಲ್ಲ ಎಂಬ ನಿಯಮ ಬಂತು. ಸರಕನ್ನು ಹೆಚ್ಚು ಮಾರಲು ಹೊರಟ ವ್ಯಾಪಾರಿ ಗಿರಾಕಿಯ ಕೈ ಹಿಡಿದು ತಡೆಯುವಂತಾಯಿತು. ಆದಾಯ ಹಂಚಿಕೆಯ ಒಪ್ಪಂದ ಎರಡು ಕಂಪನಿಗಳ ಖಾಸಗಿ ವ್ಯವಹಾರವಾಗಿ ಉಳಿಯದೆ, ಫೋನನ್ನು ನಾವು ಹೇಗೆ ಬಳಸಬೇಕೆಂಬುದರವರೆಗೂ ಕೈ ಚಾಚುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮರುವರ್ಷವೇ ಆ್ಯಪಲ್ ಈ ಪದ್ಧತಿ ಕೈಬಿಟ್ಟಿತು. 2008ರ ಜುಲೈನಲ್ಲಿ ಬಂದ ಐಫೋನ್ 3ಜಿ ಬೆಲೆ 199 ಡಾಲರ್. ಹಿಂದಿನದು 399 ಡಾಲರ್ ಇತ್ತು. ಮಾಸಿಕ ಪಾಲಿನ ಬದಲು ಎಟಿ&ಟಿ ಪ್ರತಿ ಫೋನಿಗೂ ಒಂದು ಮೊತ್ತವನ್ನು ಆ್ಯಪಲ್‌ಗೆ ಕೈತುಂಬ ಕೊಟ್ಟು, ಗ್ರಾಹಕರಿಗೆ ಅಗ್ಗವಾಗಿ ಮಾರಿತು. ಅಗ್ಗ ಎಂದೆ, ಲೆಕ್ಕ ಹಾಕಿ ನೋಡಿ. ಡೇಟಾ ಪ್ಲಾನಿನ ದರ ತಿಂಗಳಿಗೆ 20 ಡಾಲರ್ ಇದ್ದದ್ದು 30 ಆಯಿತು. ಎರಡು ವರ್ಷದ ಕರಾರು ಕಡ್ಡಾಯ. ಫೋನಿನಲ್ಲಿ ಉಳಿದದ್ದು 200 ಡಾಲರ್, 24 ತಿಂಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ್ದು 240. ಅದೇ ಆಗಸ್ಟಿನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಭಾರತಕ್ಕೆ ಬಂದ ಆ ಫೋನಿನ ಬೆಲೆ 31,000 ರೂಪಾಯಿ. ಅಮೆರಿಕದ ಬೆಲೆಯ ಜತೆ ಹೋಲಿಸಿ ಇಲ್ಲಿಯವರು ಸಿಟ್ಟಾದರು. ಕರಾರಿನ ಕಟ್ಟಿಲ್ಲದ ಪ್ರೀಪೇಯ್ಡ್ ದೇಶದಲ್ಲಿ ಸಿಮ್ ಕಂಪನಿ ಯಾವ ಧೈರ್ಯದ ಮೇಲೆ ಸಬ್ಸಿಡಿ ಕೊಟ್ಟೀತು?

ಆ್ಯಪಲ್ ಸೋತು ಹಿಂದೆ ಸರಿಯಿತು ಎಂದುಕೊಳ್ಳುವಂತಿಲ್ಲ. ಅದೇ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಅಲ್ಲಿನ ಪ್ರತಿ ಮಾರಾಟದಲ್ಲಿ ಶೇ 70 ಆ್ಯಪ್ ಮಾಡಿದವರಿಗೆ, ಶೇ 30 ಆ್ಯಪಲ್‌ಗೆ. ಸಿಮ್ ಕಂಪನಿಗೆ ಸೊನ್ನೆ. ದುಡ್ಡು ವಸೂಲು ಮಾಡುವ ಗಲ್ಲಾಪೆಟ್ಟಿಗೆ ಸದ್ದಿಲ್ಲದೆ ಕೈಬದಲಾಯಿಸಿತ್ತು.

ಗೂಗಲ್ ಹಿಡಿದ ದಾರಿ ಬೇರೆ. ಆ್ಯಂಡ್ರಾಯ್ಡ್ ಆಗಿನ್ನೂ ಹೊಸದು, ಸಿಮ್ ಕಂಪನಿಗಳು ಅಂಗಡಿಯಲ್ಲಿಟ್ಟು ಮಾರದಿದ್ದರೆ ಅಮೆರಿಕದಲ್ಲಿ ಅದಕ್ಕೆ ಗತಿಯಿರಲಿಲ್ಲ. ಹಾಗಾಗಿ 2008ರ ಅಕ್ಟೋಬರಿನಲ್ಲಿ ತನ್ನ ಆ್ಯಪ್ ಅಂಗಡಿಯ ಲೆಕ್ಕ ಹೇಳುವಾಗ, ಶೇ 70 ಆ್ಯಪ್ ಮಾಡಿದವರಿಗೆ, ಉಳಿದದ್ದು ಸಿಮ್ ಕಂಪನಿಗಳಿಗೆ ಮತ್ತು ಬಿಲ್ ವಸೂಲಿಯ ಖರ್ಚಿಗೆ, ತನಗೆ ಏನೂ ಬೇಡ ಎಂದಿತು. ಇದರಲ್ಲಿ ಉದಾರತೆ ಹುಡುಕಬೇಕಾದ್ದಿಲ್ಲ. ಗೂಗಲ್‌ನ ಅನ್ನ ಇರುವುದು ಹುಡುಕಾಟದ ಜತೆಗೆ ಬರುವ ಜಾಹೀರಾತಿನಲ್ಲಿ. ಹೆಚ್ಚು ಫೋನ್ ಹೋದಷ್ಟೂ ಹೆಚ್ಚು ಹುಡುಕಾಟ. ಆ್ಯಂಡ್ರಾಯ್ಡ್ ಬೇರೂರಿದ ಮೇಲೆ ಅಂಗಡಿಯ ಪಾಲೂ ಗೂಗಲ್ ಕಡೆಗೇ ಹೊರಳಿತು.

ಜಾತ್ರೆಯಲ್ಲಿ ಗುಡಿಯ ಬಾಗಿಲಿಗೆ ಹತ್ತಿರದ ಅಂಗಡಿ ಜಾಗಕ್ಕೆ ಹರಾಜಿನಲ್ಲಿ ದುಬಾರಿ ಬೆಲೆ ಬರುವಂತೆ, ಫೋನಿನ ಮೊದಲ ಪರದೆಗೂ ಬೆಲೆಯಿದೆ. ಹೊಸ ಫೋನ್ ತೆರೆದಾಗ ಕಾಣುವ ಹುಡುಕುಪಟ್ಟಿ ಯಾರದಿರಬೇಕು? ಅದು ತನ್ನದೇ ಆಗಿರಲೆಂದು ಗೂಗಲ್ ಹುಡುಕಾಟದ ಜಾಹೀರಾತು ಹಣದಲ್ಲಿ ಆ್ಯಪಲ್‌ಗೆ, ಸ್ಯಾಮ್‌ಸಂಗ್‌ಗೆ, ಜತೆಗೆ ಎಟಿ&ಟಿ, ವೆರೈಜನ್, ಟಿ-ಮೊಬೈಲ್ ಎಂಬ ಅಮೆರಿಕದ ಮೂರೂ ದೊಡ್ಡ ಸಿಮ್ ಕಂಪನಿಗಳಿಗೆ ಪಾಲು ಕೊಡುತ್ತ ಬಂದಿದೆ. ಎಷ್ಟು ಕೊಡುತ್ತದೆಂಬುದು ಬಹುಕಾಲ ಗುಟ್ಟಾಗಿತ್ತು. ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಿಂದ ಹೊರಬಿತ್ತು: 2021ರಲ್ಲಿ ಒಟ್ಟು 2,630 ಕೋಟಿ ಡಾಲರ್. ಆ್ಯಪಲ್‌ನ ಬ್ರೌಸರ್ ಸಫಾರಿಯಲ್ಲಿನ ಹುಡುಕಾಟದಿಂದ ಬರುವ ಆದಾಯದಲ್ಲಿ ಆ್ಯಪಲ್‌ಗೆ ಶೇ 36 ಹೋಗುತ್ತದೆಂದು ಗೂಗಲ್ ಕಡೆಯ ಸಾಕ್ಷಿಯೊಬ್ಬರು ನ್ಯಾಯಾಲಯದಲ್ಲಿ ಹೇಳಿಬಿಟ್ಟರು.

ಮೊತ್ತ ಕಂಡು ಬೆರಗಾಗುವುದು ಸಹಜ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಹಣದ ಬಾಲಕ್ಕೆ ಕಟ್ಟಿದ ಷರತ್ತು. ಪಾಲು ಬೇಕಿದ್ದರೆ ಆ ಫೋನಿನಲ್ಲಿ ಎದುರಾಳಿ ಸರ್ಚ್ ಎಂಜಿನ್ ಹಾಕಿ ಮಾರುವಂತಿರಲಿಲ್ಲ. ಆ್ಯಪ್‌ಗಳ ಒಳಗೆ ಹುಡುಕಿಕೊಡುವ ತಂತ್ರಾಂಶ ಮಾಡಿದ್ದ ಬ್ರಾಂಚ್ ಎಂಬ ಸಣ್ಣ ಕಂಪನಿಯ ಸ್ಥಾಪಕರು ಅದೇ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಗೂಗಲ್ ಜತೆಗಿನ ಕರಾರಿಗೆ ಎಲ್ಲಿ ಭಂಗ ಬರುತ್ತದೋ ಎಂದು ಫೋನ್ ಮತ್ತು ಸಿಮ್ ಕಂಪನಿಗಳು ಹಿಂಜರಿದದ್ದರಿಂದ ತಮ್ಮ ತಂತ್ರಾಂಶದ ರೆಕ್ಕೆಪುಕ್ಕ ಕತ್ತರಿಸಬೇಕಾಯಿತು ಎಂಬುದು ಅವರ ದೂರು. ಆ ತಂತ್ರಾಂಶ ಒಳ್ಳೆಯದಿತ್ತೋ ಕೆಟ್ಟದಿತ್ತೋ, ತೀರ್ಮಾನಿಸುವ ಅವಕಾಶ ಗ್ರಾಹಕರಿಗೆ ಸಿಗಲಿಲ್ಲ.

ಈ ಮೊಕದ್ದಮೆಯ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್‌ನಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಪರಿಹಾರ ಸೂಚಿಸುವಾಗ, ‘ನಮ್ಮದೊಂದೇ ಇರಬೇಕು’ ಎಂಬ ಕರಾರನ್ನು ನಿಷೇಧಿಸಿದರೂ ಹಣ ಕೊಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪಾಲು ಪಡೆಯುತ್ತಿರುವವರಿಗೂ, ಅವರ ಮೂಲಕ ಗ್ರಾಹಕರಿಗೂ ಪೆಟ್ಟು ಬಿದ್ದೀತೆಂಬ ಕಾರಣಕ್ಕೆ. ಯುರೋಪಿನಲ್ಲೂ ವಿಷಯ ಇಷ್ಟೇ ಗೋಜಲು. 2018ರಲ್ಲಿ ಯುರೋಪಿಯನ್ ಆಯೋಗ ಗೂಗಲ್‌ಗೆ ವಿಧಿಸಿದ 434 ಕೋಟಿ ಯೂರೊ ದಂಡಕ್ಕೆ ಇಂಥ ಪಾವತಿಗಳೂ ಒಂದು ಕಾರಣವಾಗಿದ್ದವು. 2022ರಲ್ಲಿ ನ್ಯಾಯಾಲಯ ದಂಡದ ಬಹುಭಾಗವನ್ನು ಎತ್ತಿಹಿಡಿದರೂ, ಆದಾಯ ಹಂಚಿಕೆ ಕುರಿತ ಆರೋಪವನ್ನು ಮಾತ್ರ ಒಪ್ಪಲಿಲ್ಲ. ಹಂಚಿಕೊಳ್ಳುವುದೇ ತಪ್ಪು ಎಂದು ಯಾರೂ ಹೇಳುತ್ತಿಲ್ಲ, ಹೇಳಬೇಕಾಗಿಯೂ ಇಲ್ಲ.

ಭಾರತದಲ್ಲಿ ನಾವು ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುತ್ತೇವೆ. ಆದ್ದರಿಂದ ಮೊದಲ ಪರದೆಯ ಮೇಲೆ ಸಿಮ್ ಕಂಪನಿಗೆ ಅಮೆರಿಕದಷ್ಟು ಹಿಡಿತವಿಲ್ಲ. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಹುಡುಕಾಟದ ಏಕಸ್ವಾಮ್ಯಕ್ಕಾಗಿ ಆಮಿಷ ಒಡ್ಡಬಾರದೆಂದು ಹೇಳಿದ್ದೂ ಫೋನ್ ತಯಾರಕರನ್ನು ಗಮನದಲ್ಲಿಟ್ಟುಕೊಂಡೇ. ಬ್ಯಾಲೆನ್ಸಿನಿಂದ ಕತ್ತರಿಸಿಕೊಳ್ಳುವ ಹಳೆಯ ಬಲವನ್ನು ಯುಪಿಐ ಬಹುಮಟ್ಟಿಗೆ ಕಸಿದುಕೊಂಡಿದೆ. ಸಿಮ್ ಕಂಪನಿಗೆ ಇನ್ನೇನು ಉಳಿಯಿತು? ಕೋಟಿಗಟ್ಟಲೆ ಗ್ರಾಹಕರು. ಅದರ ಬೆಲೆ ಸಣ್ಣದೇನಲ್ಲ: 2020ರಲ್ಲಿ ಗೂಗಲ್ 33,737 ಕೋಟಿ ರೂಪಾಯಿ ಕೊಟ್ಟು ಜಿಯೊ ಪ್ಲಾಟ್‌ಫಾರ್ಮ್ಸ್‌ನ ಶೇ 7.7ರಷ್ಟು ಷೇರು ಕೊಂಡಿತು. ಆದಾಯದಲ್ಲಿ ಪಾಲಿನ ಮಾತು ಹೋಗಿ ಕಂಪನಿಯಲ್ಲೇ ಪಾಲು.

2025ರಲ್ಲಿ ಹೊಸ ಅಧ್ಯಾಯ ಶುರುವಾಯಿತು. ಜುಲೈನಲ್ಲಿ ಏರ್‌ಟೆಲ್ ತನ್ನ 36 ಕೋಟಿ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಎಂಬ ಎಐ ಸಹಾಯಕದ ಪ್ರೊ ಚಂದಾವನ್ನು ಒಂದು ವರ್ಷ ಪುಕ್ಕಟೆ ಎಂದಿತು, ಅಕ್ಟೋಬರಿನಲ್ಲಿ ಜಿಯೊ ಗೂಗಲ್‌ನ ಎಐ ಸಹಾಯಕ ಜೆಮಿನಿಯ ಪ್ರೊ ಪ್ಲಾನನ್ನು 18 ತಿಂಗಳು ಪುಕ್ಕಟೆ ಎಂದಿತು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ವಿವರ ಜಾಹೀರಾತಿನಲ್ಲಿಲ್ಲ. ಎಐ ಸಹಾಯಕ ನಾಳೆ ಹುಡುಕುಪಟ್ಟಿಯ ಜಾಗದಲ್ಲಿ ಕೂರುವುದಾದರೆ, ಯಾವ ಸಿಮ್ ಹಾಕಿದ್ದೇವೆ ಎಂಬುದೇ ಯಾವ ಸಹಾಯಕನನ್ನು ಕೇಳುತ್ತೇವೆ ಎಂಬುದನ್ನು ನಿರ್ಧರಿಸೀತು. ಒಂದೊಂದು ಜಾಲತಾಣಕ್ಕೆ ಒಂದೊಂದು ಡೇಟಾ ದರ ವಿಧಿಸುವುದನ್ನು ಟ್ರಾಯ್ 2016ರಲ್ಲೇ ತಡೆದಿದೆ. ಚಂದಾವನ್ನೇ ಉಡುಗೊರೆಯಾಗಿ ಕೊಡುವ ಈ ಬಗೆ ಆ ನಿಯಮ ಬರೆದವರ ಕಣ್ಣೆದುರು ಇರಲಿಲ್ಲ. ಕಂಪನಿಗಳು ಮೊತ್ತವನ್ನು ಬೇಕಿದ್ದರೆ ಗುಟ್ಟಾಗಿಟ್ಟುಕೊಳ್ಳಲಿ. ಎದುರಾಳಿಗೆ ಬಾಗಿಲು ಮುಚ್ಚುವ ಷರತ್ತೇನಾದರೂ ಒಪ್ಪಂದದಲ್ಲಿದ್ದರೆ ಅದನ್ನು ಟ್ರಾಯ್ ಮತ್ತು ಸ್ಪರ್ಧಾ ಆಯೋಗದ ಮುಂದೆ ಇಡುವುದನ್ನು ಈಗಲೇ, ಉಚಿತ ಅವಧಿ ಮುಗಿಯುವ ಮೊದಲೇ, ಕಡ್ಡಾಯ ಮಾಡಬೇಕು. ಅಮೆರಿಕದಲ್ಲಿ ಇದು ಬಯಲಿಗೆ ಬರಲು ಮೊಕದ್ದಮೆಯೇ ಬೇಕಾಯಿತು, ಅಷ್ಟರಲ್ಲಿ ಹುಡುಕಾಟದ ಮಾರುಕಟ್ಟೆ ಒಬ್ಬರ ಕೈಸೇರಿ ಹತ್ತಾರು ವರ್ಷವಾಗಿತ್ತು.