ಮುಟ್ಟು ಮೈಲಿಗೆಯಲ್ಲ

ನಮ್ಮ ಹಳ್ಳಿಗಳಲ್ಲಿ ಮುಟ್ಟಾದ ಹುಡುಗಿಯನ್ನು ‘ಹೊರಗಾಗಿದ್ದಾಳೆ’ ಎನ್ನುವುದುಂಟು. ಅವಳು ಹೊರಗಾಗುವುದು ದೇವರ ಮನೆ, ಅಡುಗೆಮನೆಗಳಿಂದ ಮಾತ್ರವಲ್ಲ. ಎಷ್ಟೋ ವೇಳೆ ಶಾಲೆಯಿಂದಲೂ. ಸುಮಾರು 28 ದಿನಗಳಿಗೊಮ್ಮೆ ಗರ್ಭಕೋಶದ ಒಳಪದರವು ಕಳಚಿ ರಕ್ತದೊಡನೆ ಹೊರಬರುವ ಈ ಸಹಜ ಕ್ರಿಯೆಯಲ್ಲಿ ಮೈಲಿಗೆಯೆಲ್ಲಿಯದು? 12ನೆಯ ಶತಮಾನದ ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು.

ಅಪಾಯವಿರುವುದು ಮುಟ್ಟಿನಲ್ಲಲ್ಲ, ಅದನ್ನು ಮರೆಮಾಚುವುದರಲ್ಲಿ. ಬಟ್ಟೆಯನ್ನು ಬಳಸುವುದು ತಪ್ಪಲ್ಲ. ಆದರೆ ನಾಚಿಕೆಯಿಂದ ಅದನ್ನು ಕತ್ತಲೆಯ ಮೂಲೆಯಲ್ಲಿ ಒಣಗಲು ಹಾಕಿದರೆ ತೇವವುಳಿದು ರೋಗಾಣುಗಳು ಬೆಳೆಯುತ್ತವೆ. ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆಯೇ ಶುಚಿಯಾದುದು. ಬಟ್ಟೆಯಾಗಲಿ, ಪ್ಯಾಡಾಗಲಿ, 4ರಿಂದ 6 ಗಂಟೆಗಳಿಗೊಮ್ಮೆ ಬದಲಿಸಬೇಕು.

ಕರ್ನಾಟಕದಲ್ಲಿ 2013-14ರಲ್ಲಿ ಆರಂಭವಾದ ‘ಶುಚಿ’ ಯೋಜನೆಯು ಹದಿಹರೆಯದ ಹುಡುಗಿಯರಿಗೆ ಪ್ಯಾಡುಗಳನ್ನು ಉಚಿತವಾಗಿ ಹಂಚುವ ಉದ್ದೇಶದ್ದು. ಇದು ಸ್ತುತ್ಯವೇ. ಆದರೆ ನೀರು, ಬಾಗಿಲುಳ್ಳ ಶೌಚಾಲಯ ಇಲ್ಲದ ಶಾಲೆಯಲ್ಲಿ ಅವನ್ನು ಬದಲಿಸುವುದೆಲ್ಲಿ? ಪ್ಯಾಡಿನಷ್ಟೇ ಅರಿವೂ ಅಗತ್ಯ. ಮೊದಲ ಮುಟ್ಟಿಗೆ ಮುನ್ನವೇ ತಾಯಿಯು ಮಗಳಿಗೆ ತಿಳಿಹೇಳಬೇಕು. ತರಗತಿಯಲ್ಲಿ ಬಾಲಕರೂ ಇದನ್ನು ಕಲಿಯಬೇಕು. ಅರಿತ ಹುಡುಗನು ಅಣಕಿಸಲಾರನು; ಅಂಜಿಕೆಯಳಿದ ಹುಡುಗಿಯು ಬಟ್ಟೆಯನ್ನು ಬಿಸಿಲಿಗೆ ಹರವಲು, ಶಾಲೆಗೆ ಬರಲು ಹಿಂಜರಿಯಲಾರಳು.