ಬೆಕ್ಕಿನ ಬೇನೆ, ಮಗುವಿನ ಜ್ವರ

ಹುಕ್ಕೇರಿ ಸೀಮೆಯ ಘೋಡಗೇರಿಯಂತಹ ಊರುಗಳಲ್ಲಿ ಎಳೆಗರು ಭೇದಿಯಿಂದ ಸೊರಗಿದರೆ ಹಾಲು ಹೆಚ್ಚಾಯಿತೆನ್ನುವುದುಂಟು. ಕೆಲವೊಮ್ಮೆ ಅದಕ್ಕೆ ಕಾರಣ ಕೊರೋನಾ ಕುಲದ ವೈರಸ್. 2020ಕ್ಕಿಂತ ಬಹು ಮುಂಚೆಯೇ ಪಶುವೈದ್ಯರಿಗೆ ಪರಿಚಿತವಾದುದು.

ಅದೇ ಕುಲದ ಇನ್ನೊಂದು ವೈರಸ್ ಬೆಕ್ಕಿನ ಕರುಳಿನಲ್ಲಿ ಬಹುಮಟ್ಟಿಗೆ ನಿರುಪದ್ರವಿಯಾಗಿರುತ್ತದೆ. ಕೆಲವು ಬೆಕ್ಕುಗಳಲ್ಲಿ, ಹೆಚ್ಚಾಗಿ ಎಳೆಯವುಗಳಲ್ಲಿ, ಅದು ರೂಪ ಬದಲಿಸಿ, ದೇಹವನ್ನು ಕಾಯಬೇಕಾದ ಬಿಳಿಯ ಕಣಗಳೊಳಗೇ ಹೊಕ್ಕುಬಿಡುತ್ತದೆ. ರಕ್ತನಾಳಗಳಲ್ಲಿ ಉರಿಯೂತವೆದ್ದು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಮೆರಿಕದ ಪಶುವೈದ್ಯೆ ಜೀನ್ ಹೋಲ್ಜ್‌ವರ್ತ್ ಈ ಬೇನೆಯನ್ನು 1963ರಲ್ಲಿ ವಿವರಿಸಿದರು.

2020ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ವೈದ್ಯರು ಮಕ್ಕಳಲ್ಲಿ ಹೊಸದೊಂದು ಉರಿಯೂತವನ್ನು ಕಂಡರು. ಕೋವಿಡ್ ತಗುಲಿದ 2ರಿಂದ 6 ವಾರಗಳ ತರುವಾಯ ಬಿಡದ ಜ್ವರ, ಕೆಂಗಣ್ಣು, ಮೈಮೇಲೆ ದದ್ದು, ಹೊಟ್ಟೆನೋವು. ಹಲವರಲ್ಲಿ ಹೃದಯಕ್ಕೂ ಪೆಟ್ಟು. 2021ರ ಎರಡನೆಯ ಅಲೆಯ ಬಳಿಕ ಕರ್ನಾಟಕದ ಆಸ್ಪತ್ರೆಗಳಿಗೂ ಇಂತಹ ಮಕ್ಕಳು ಬಂದರು. ಮೊದಲ ಸೋಂಕು ಎಷ್ಟೋ ಮಕ್ಕಳಲ್ಲಿ ನೆಗಡಿಯಷ್ಟೂ ಕಾಣದೆ ಹೋಗಿತ್ತು; ಪಾಪ, ತಾಯಂದಿರಿಗೆ ಸುಳಿವಾದರೂ ಹೇಗೆ ಹತ್ತಬೇಕು?

ಆದರೆ ಎರಡೂ ಒಂದೇ ರೋಗವಲ್ಲ. ಬೆಕ್ಕಿನಲ್ಲಿ ವೈರಸ್ಸು ಒಳಗೇ ಬೆಳೆಯುತ್ತಿರುತ್ತದೆ. ಅದನ್ನೇ ತಡೆಯುವ ಔಷಧದಿಂದ 2019ರ ಪ್ರಯೋಗವೊಂದರಲ್ಲಿ ಬಹುಪಾಲು ಬೆಕ್ಕುಗಳು ಬದುಕಿದವು. ಮಗುವಿನಲ್ಲಿಯಾದರೋ ಶತ್ರು ಬಹುಮಟ್ಟಿಗೆ ಹೊರಟುಹೋದ ಮೇಲೂ ಕಾವಲಿನ ಪಡೆ ಕಾದಾಟ ನಿಲ್ಲಿಸಿರುವುದಿಲ್ಲ. ಅದನ್ನು ತಣಿಸಲು ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಬೇಕು. ಸಕಾಲದಲ್ಲಿ ಅವು ದೊರೆತ ಬಹುತೇಕ ಮಕ್ಕಳು ಗುಣಹೊಂದಿದರು. ಘೋಡಗೇರಿಯ ಮಗುವಿಗಾದರೆ ಅದಕ್ಕಾಗಿ ಬೆಳಗಾವಿಯಂತಹ ನಗರದ ದೊಡ್ಡ ಆಸ್ಪತ್ರೆಯನ್ನೇ ಸೇರಬೇಕು.