ಕೂಸಿನ ವಾಂತಿಯೆಲ್ಲ ದೃಷ್ಟಿದೋಷವಲ್ಲ

ಹಾಲು ಕುಡಿದ ಕೂಸು ತುಸು ಕಕ್ಕುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹೆಗಲಿಗೆ ಹಾಕಿಕೊಂಡು ತೇಗು ಬರಿಸಿದರೆ ಸಾಕು. ಆದರೆ 3ರಿಂದ 6 ವಾರದ ಕೂಸು ಪ್ರತಿ ಸಲ ಹಾಲು ಕುಡಿದೊಡನೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಅಳುತ್ತಿದೆಯೇ? ದೃಷ್ಟಿ ತೆಗೆದು, ಬಜೆ ತೇದು ನೆಕ್ಕಿಸಿ, 'ನಾಳೆ ನೋಡೋಣ' ಎಂದು ಕೂರಬೇಡಿ.

ಇದು 'ಪೈಲೋರಿಕ್ ಸ್ಟೆನೋಸಿಸ್' ಇರಬಹುದು. ಜಠರದಿಂದ ಸಣ್ಣ ಕರುಳಿಗೆ ಹಾಲು ಇಳಿಯುವ ದ್ವಾರದ ಸ್ನಾಯು ದಪ್ಪವಾಗಿ ದಾರಿ ಕಟ್ಟುತ್ತದೆ. ಗಂಡು ಕೂಸುಗಳಲ್ಲಿ ಇದು ಸುಮಾರು 4 ಪಟ್ಟು ಹೆಚ್ಚು.

1888ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರಂಗ್ ಇದನ್ನು ಸ್ಪಷ್ಟವಾಗಿ ವಿವರಿಸಿದಾಗ ಅವರ ಮುಂದಿದ್ದದ್ದು ತೀರಿಕೊಂಡ ಎರಡು ಕೂಸುಗಳ ಜಠರಗಳು. ನಂತರ ಶಸ್ತ್ರವೈದ್ಯರು ಜಠರವನ್ನು ಕರುಳಿಗೆ ಬೇರೆಡೆ ಜೋಡಿಸಿ ನೋಡಿದರು. ಆ ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದೆ ಅನೇಕ ಕೂಸುಗಳು ಸತ್ತವು. 1907ರಲ್ಲಿ ಫ್ರಾನ್ಸಿನ ಫ್ರೆಡೆ ಸ್ನಾಯುವನ್ನಷ್ಟೇ ಸೀಳಿ ಅಡ್ಡಲಾಗಿ ಹೊಲಿದರು. 1911ರಲ್ಲಿ ಜರ್ಮನಿಯ ರಾಮ್‌ಸ್ಟೆಟ್ ಹಾಗೆಯೇ ಹೊಲಿಯಲು ಹೋದಾಗ ಹೊಲಿಗೆ ನಿಲ್ಲಲಿಲ್ಲ. ಆದರೂ ಕೂಸು ಬದುಕಿತು! 1912ರಲ್ಲಿ ಮುಂದಿನ ಕೂಸಿಗೆ ಅವರು ಒಳಪೊರೆಯನ್ನು ಮುಟ್ಟದೆ ಸ್ನಾಯುವನ್ನು ಸೀಳಿ, ಹೊಲಿಯದೆ ಬಿಟ್ಟರು. ಹೆಚ್ಚು ಮಾಡುವುದರಿಂದ ಸಿಗದ ಗುಣ ಕಡಿಮೆ ಮಾಡುವುದರಿಂದ ಸಿಕ್ಕಿತು. ಇಂದಿಗೂ ಮೂಲ ಶಸ್ತ್ರಕ್ರಿಯೆ ಅದೇ. ಈಗ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಿಂದಲೂ ಮಾಡುತ್ತಾರೆ.

ಹಾಗಿದ್ದರೆ ಅಪಾಯವೆಲ್ಲಿದೆ? ತಡ ಮಾಡುವುದರಲ್ಲಿ. ಪ್ರತಿ ವಾಂತಿಯಲ್ಲೂ ಮೈಯ ನೀರು, ಲವಣ, ಜಠರದ ಆಮ್ಲ ಹೊರಹೋಗುತ್ತವೆ. ಉಚ್ಚೆ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ, ಕೂಸು ಬಾಡುತ್ತದೆ. ಆದ್ದರಿಂದಲೇ ವೈದ್ಯರು ಮೊದಲು ಡ್ರಿಪ್ ಹಾಕಿ ಇವನ್ನು ಸರಿಪಡಿಸಿ, ಆಮೇಲೆ ಶಸ್ತ್ರಕ್ರಿಯೆಗೆ ಒಯ್ಯುತ್ತಾರೆ. 'ಆಸ್ಪತ್ರೆಗೆ ಸೇರಿಸಿದರೂ ಇನ್ನೂ ಆಪರೇಷನ್ ಮಾಡಿಲ್ಲವಲ್ಲ' ಎಂದು ಗಾಬರಿಪಡಬೇಡಿ. ಕಾಯಿಲೆಯನ್ನು ಖಚಿತಪಡಿಸಲು ಸಾಮಾನ್ಯವಾಗಿ ನೋವಿಲ್ಲದ ಒಂದು ಅಲ್ಟ್ರಾಸೌಂಡ್ ಪರೀಕ್ಷೆ ಸಾಕು.

'ಇಷ್ಟು ಎಳೆಯ ಕೂಸಿಗೆ ಆಪರೇಷನ್ನೇ?' ಎಂದು ಮನೆಯ ಹಿರಿಯರು ಹಿಂಜರಿಯುವುದು ಸಹಜ. ಅವರಿಗೆ ನಯವಾಗಿ ತಿಳಿಹೇಳಿ: ಸಕಾಲದಲ್ಲಿ ಒಯ್ದರೆ ಇಂದು ಈ ಕಾಯಿಲೆಯಿಂದ ಕೂಸು ಸಾಯುವುದು ತೀರಾ ಅಪರೂಪ. ಸಾಮಾನ್ಯವಾಗಿ ಮರುದಿನದೊಳಗೇ ಅದು ಮತ್ತೆ ಹಾಲು ಕುಡಿಯುತ್ತದೆ.

ಇನ್ನೊಂದು ಮಾತು ನೆನಪಿಡಿ. ಈ ಕಾಯಿಲೆಯಲ್ಲಿ ವಾಂತಿ ಹಾಲಿನಂತೆಯೇ ಇರುತ್ತದೆ. ಅದು ಹಸಿರಾಗಿದ್ದರೆ ಕರುಳಿನಲ್ಲೇ ತಡೆ ಇರಬಹುದು. ಆಗ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಹೆದರಬೇಕಾದದ್ದು ವೈದ್ಯರ ಚಾಕುವಿಗಲ್ಲ, ನಮ್ಮ 'ನಾಳೆ'ಗೆ.